ಹಬ್ಬದೂಟದಲ್ಲಿ ಪಥ್ಯ

ಹಳೆಯ ವಿದ್ಯಾರ್ಥಿನಿಯರು ಕೂಡಿದ ಕಡೆಗಳಲ್ಲಿ ಮೊದಲೆಲ್ಲ ಮಕ್ಕಳ ವಿದ್ಯಾಭ್ಯಾಸ, ಮದುವೆ, ಮನೆಯವರ ವರ್ಗಾವಣೆ ಇವುಗಳ ಮಾತೇ ಹೆಚ್ಚಾಗಿ ನಡೆಯುತ್ತಿದ್ದಿತು. ಈಚೆಗೆ ನಾಲ್ವರು ಸೇರಿದರೆ ಸಕ್ಕರೆ ರೋಗದ ಪ್ರಸ್ತಾಪವು ಬಾರದೆ ಹೋಗುವುದೇ ಇಲ್ಲ. ಅನ್ನವನ್ನು ಕಡಮೆಮಾಡಿದವರು, ಮುದ್ದೆಯನ್ನು ಅರ್ಧಕ್ಕೆ ಇಳಿಸಿದವರು, ಸಿಹಿಯನ್ನು ಪೂರಾ ಬಿಟ್ಟವರು ಹೀಗೆ ಒಬ್ಬೊಬ್ಬರದೂ ಒಂದೊಂದು ವ್ರತ. ಆದರೆ ಅವರೆಲ್ಲರೂ ಕಡೆಗೆ ಕೇಳುವ ಪ್ರಶ್ನೆಯು ಒಂದೇ: ‘ಸಾಧಾರಣ ದಿನಗಳಲ್ಲಿ ಹೇಗೋ ನಡೆಯುತ್ತದೆ, ಹಬ್ಬ ಬಂದರೆ ಏನು ಮಾಡುವುದು?’ ನಾನು ವೈದ್ಯಳಲ್ಲ. ಬಹುಕಾಲ ಗೃಹವಿಜ್ಞಾನವನ್ನು ಬೋಧಿಸಿ ನಿವೃತ್ತಳಾದವಳು. ತಕ್ಕಡಿ ಹಿಡಿದು ಅಡುಗೆಮನೆಯಲ್ಲಿ ಲೆಕ್ಕ ಹಾಕುವುದು ನನ್ನ ಹಳೆಯ ಅಭ್ಯಾಸ. ಆ ಲೆಕ್ಕದಿಂದ ತಿಳಿದುಬಂದುದನ್ನೂ, ನಮ್ಮ ಮನೆಯಲ್ಲಿಯೇ ನಡೆದ ಒಂದು ಅಪಾಯದಿಂದ ಕಲಿತುದನ್ನೂ ಇಲ್ಲಿ ಬರೆಯುವೆನು.

ಕೆಲವು ವರ್ಷಗಳ ಕೆಳಗೆ ಯುಗಾದಿಗೆಂದು ಹೊಸಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆನು. ಆಕೆಗೆ ಆಗ ಎಪ್ಪತ್ತು ವರುಷ ತುಂಬಿದ್ದಿತು. ಸಕ್ಕರೆ ರೋಗವು ತಗುಲಿ ಹನ್ನೆರಡು ವರುಷಗಳಾಗಿದ್ದುವು. ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆಯನ್ನು ಆಕೆ ತಪ್ಪದೆ ನುಂಗುತ್ತಿದ್ದಳು. ಹಬ್ಬಕ್ಕೆ ಕೆಲವು ದಿನ ಮುಂಚೆ ಬಂಧುಗಳೊಬ್ಬರು ‘ಅನ್ನ, ಮುದ್ದೆ, ಸಿಹಿ ಮೂರನ್ನೂ ಬಿಟ್ಟರೆ ರೋಗವೇ ಬಿಟ್ಟುಹೋಗುವುದು’ ಎಂದು ಹೇಳಿದ್ದರಂತೆ. ದೊಡ್ಡಮ್ಮನ ಛಲವು ನಮ್ಮ ವಂಶದಲ್ಲೆಲ್ಲ ಪ್ರಸಿದ್ಧವಾದುದು. ಹಬ್ಬದ ದಿನ ಗೆದ್ದರೆ ವರ್ಷವೆಲ್ಲ ಗೆದ್ದಂತೆ ಎಂದು ನಿಶ್ಚಯಿಸಿಕೊಂಡು, ಎಣ್ಣೆ ನೀರಾದ ಬಳಿಕ ಬೆಲ್ಲವನ್ನು ಬಿಟ್ಟು ಬೇವಿನ ಚಿಗುರನ್ನು ಮಾತ್ರ ಅಗಿದು, ಎಂದಿನಂತೆ ಮಾತ್ರೆಯನ್ನು ನುಂಗಿ ಕುಳಿತಳು. ಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ ಎರಡು ಗಂಟೆ.

ಸೊಸೆಯು ಒಬ್ಬಟ್ಟಿನ ತಟ್ಟೆಯನ್ನು ಹಿಡಿದು ಬಂದು, “ಅತ್ತೆ, ವರ್ಷದ ಮೊದಲನೆಯ ದಿನ, ಒಂದೇ ಒಂದು ಹಾಕಿಸಿಕೊಳ್ಳಿ” ಎಂದಳು. “ಬೇಡ ಕಣಮ್ಮಾ, ನನಗೆ ಕೋಸಂಬರಿ ಸಾಕು” ಎಂದು ದೊಡ್ಡಮ್ಮನು ಎಲೆಗೆ ಕೈ ಅಡ್ಡ ಹಿಡಿದಳು. ಸೊಸೆಯ ಮುಖವು ಬಾಡಿತು. ಮುಂಜಾನೆಯಿಂದ ಒಲೆಯ ಮುಂದೆ ಬೆಂದವಳು ಆಕೆ. ಸ್ವಲ್ಪ ಹೊತ್ತಿಗೆ ದೊಡ್ಡಮ್ಮನ ಹಣೆಯಲ್ಲಿ ಬೆವರು ಕಾಣಿಸಿತು, ಕೈ ನಡುಗಿತು, ಹೆಸರಿಟ್ಟು ಕರೆದರೆ ಸಂಬಂಧವಿಲ್ಲದ ಉತ್ತರ ಬಂದಿತು. ಅತ್ತೆಗೆ ಕೋಪ ಬಂದಿದೆಯೆಂದು ಸೊಸೆಯೂ, ಬಿಸಿಲಿನ ದಣಿವೆಂದು ಉಳಿದವರೂ ಭಾವಿಸಿದರು. ಮೊಮ್ಮಗನು ಮಾತ್ರ ಓಡಿಹೋಗಿ ರಕ್ತಪರೀಕ್ಷೆಯ ಚಿಕ್ಕ ಯಂತ್ರವನ್ನು ತಂದು ಬೆರಳಿಗೆ ಚುಚ್ಚಿದನು. ಯಂತ್ರವು ೫೨ ಎಂದು ತೋರಿಸಿತು. ೭೦ಕ್ಕಿಂತ ಕೆಳಗಿಳಿದರೆ ಅಪಾಯವೆಂಬುದನ್ನು ನಾವು ತಿಳಿದಿದ್ದೆವು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆವು. ಕಾಲು ಗಂಟೆ ಕಾದು ಮತ್ತೆ ಪರೀಕ್ಷಿಸಿದೆವು. ಆಕೆ ಕಣ್ಣು ಅರಳಿಸಿ ಸರಿಯಾಗಿ ಮಾತನಾಡಿದ ಮೇಲೆ, ಮತ್ತೆ ಇಳಿಯದಿರಲೆಂದು ಏನನ್ನಾದರೂ ತಿನ್ನಿಸಬೇಕಾಯಿತು. ಸೊಸೆಯು ತಂದುಕೊಟ್ಟುದು ಅದೇ ಒಬ್ಬಟ್ಟನ್ನು. ದೊಡ್ಡಮ್ಮನು ಅದನ್ನು ಮುರಿದು ತಿನ್ನುವಾಗ ಯಾರೂ ನಗಲಿಲ್ಲ.

ಬಿಡುವ ಛಲವಿದ್ದರೆ ಸಾಲದು, ಏನನ್ನು ಎಷ್ಟು ಬಿಡುವೆವೆಂಬ ಲೆಕ್ಕವೂ ತಿಳಿದಿರಬೇಕೆಂದು ಅಂದು ನನಗೆ ಮನವರಿಕೆಯಾಯಿತು.

ಕಾರ್ಬೋಹೈಡ್ರೇಟ್ ಎಂದು ವೈದ್ಯರು ಹೇಳುವುದನ್ನು ನಾವು ಶಾಲೆಯಲ್ಲಿ ಶರ್ಕರಪಿಷ್ಟವೆಂದು ಕಲಿತೆವಷ್ಟೆ. ಅಕ್ಕಿ, ರಾಗಿ, ಗೋಧಿ, ಗೆಣಸು ಇವುಗಳಲ್ಲಿರುವ ಹಿಟ್ಟಿನ ಅಂಶವೂ, ಬೆಲ್ಲ ಸಕ್ಕರೆಗಳ ಸಿಹಿಯೂ ಅದೇ ಜಾತಿಯವು. ಹೊಟ್ಟೆಯಲ್ಲಿ ಜೀರ್ಣವಾಗಿ ಇವೆಲ್ಲವೂ ಬಹುಪಾಲು ಗ್ಲೂಕೋಸ್ ಆಗಿ ರಕ್ತವನ್ನು ಸೇರುವುವು. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ರಸವು ಆ ಗ್ಲೂಕೋಸನ್ನು ದೇಹದ ಕಣಗಳೊಳಕ್ಕೆ ಸೇರಿಸುವುದು. ಆ ರಸವು ಸಾಲದೆ ಹೋದರೂ, ಇದ್ದೂ ಅದರ ಮಾತನ್ನು ದೇಹವು ಕೇಳದೆ ಹೋದರೂ ಸಕ್ಕರೆಯು ರಕ್ತದಲ್ಲಿಯೇ ಉಳಿದು ಕಣ್ಣು, ಮೂತ್ರಪಿಂಡ, ನರ, ಹೃದಯಗಳನ್ನು ಕೆಡಿಸುವುದು. ಆದುದರಿಂದ ಒಳಕ್ಕೆ ಹೋಗುವ ಶರ್ಕರಪಿಷ್ಟವನ್ನೇ ತಗ್ಗಿಸುವುದು ಈ ಪಥ್ಯದ ತತ್ತ್ವ. ದಿನಕ್ಕೆ ೧೩೦ ಗ್ರಾಮಿಗಿಂತ ಕಡಮೆಯಾದರೆ ಅದನ್ನು ಅಲ್ಪಪಿಷ್ಟದ ಆಹಾರವೆಂದೂ, ೫೦ ಗ್ರಾಮಿಗಿಂತ ಕಡಮೆಯಾದರೆ ಅತ್ಯಲ್ಪವೆಂದೂ ಸಾಮಾನ್ಯವಾಗಿ ಎಣಿಸುತ್ತಾರೆ.

ಇದು ಹೊಸದಾಗಿ ಹುಟ್ಟಿದ ಶೋಕಿಯೆಂದು ತಿಳಿಯಬಾರದು. ನಮ್ಮ ಪ್ರಾಚೀನ ವೈದ್ಯರು ಪ್ರಮೇಹದವರಿಗೆ ಹೊಸ ಅಕ್ಕಿಯನ್ನೂ ಬೆಲ್ಲವನ್ನೂ ಬಿಡಿಸಿ ಯವೆಯನ್ನು, ಎಂದರೆ ಬಾರ್ಲಿಯನ್ನು, ವಿಧಿಸಿದ್ದರು. ಸ್ಕಾಟ್ಲೆಂಡಿನವನಾದ ಸೇನಾವೈದ್ಯ ಜಾನ್ ರೋಲೋ ಎಂಬವನು ೧೭೯೭ರಲ್ಲಿ ಮಾಂಸಪ್ರಧಾನವಾದ ಆಹಾರವನ್ನು ಈ ರೋಗಿಗಳಿಗೆ ಕೊಟ್ಟ ವೃತ್ತಾಂತವನ್ನು ಪ್ರಕಟಿಸಿದನು. ೧೮೬೩ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗನು ರೊಟ್ಟಿ, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ತನ್ನ ಬೊಜ್ಜನ್ನು ಕರಗಿಸಿಕೊಂಡ ಬಗೆಯನ್ನು ಚಿಕ್ಕ ಪುಸ್ತಕವಾಗಿ ಬರೆದು ಮನೆಮಾತಾದನು. ೧೯೨೨ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಹದಿನಾಲ್ಕು ವಯಸ್ಸಿನ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುವವರೆಗೆ ಕಠಿಣ ಪಥ್ಯವನ್ನು ಬಿಟ್ಟರೆ ಬೇರೆ ಉಪಾಯವೇ ಇರಲಿಲ್ಲ. ಔಷಧಗಳು ದೊರೆತ ಮೇಲೆ ಪಥ್ಯದ ಮಾತು ಹಿಂದಕ್ಕೆ ಸರಿದು, ಈಗ ಮತ್ತೆ ಮುಂದಕ್ಕೆ ಬಂದಿದೆ.

ಬರಲು ಕಾರಣವೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ಸುಮಾರು ೧೦ ಕೋಟಿ ಜನರಿಗೆ ಈ ರೋಗವಿದೆಯೆಂದೂ, ೧೩ ಕೋಟಿಗೂ ಮೇಲ್ಪಟ್ಟವರು ಅದರ ಹೊಸಲಿನಲ್ಲಿ ನಿಂತಿದ್ದಾರೆಂದೂ ತಿಳಿಸಿತು. ನಮ್ಮವರು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ೧೦೦ಕ್ಕೆ ಸುಮಾರು ೬೨ ಪಾಲು ಶರ್ಕರಪಿಷ್ಟದಿಂದಲೇ ಬರುವುದೆಂದು ಅದೇ ಸಮೀಕ್ಷೆಯ ೨೦೨೫ರ ವರದಿಯಿಂದ ತಿಳಿಯುವುದು.

ನಮ್ಮ ಜಿಲ್ಲೆಯಲ್ಲಿ ಈ ಮಾರ್ಪಾಟನ್ನು ಕಣ್ಣಾರೆ ಕಾಣಬಹುದು. ನನ್ನ ಬಾಲ್ಯದಲ್ಲಿ ದೊಡ್ಡಬಳ್ಳಾಪುರದಲ್ಲಾಗಲಿ ನೆಲಮಂಗಲದಲ್ಲಾಗಲಿ ಒಕ್ಕಲು ಮನೆಯವರು ಅನ್ನವನ್ನು ಕಾಣುತ್ತಿದ್ದುದು ಹಬ್ಬ ಹರಿದಿನಗಳಲ್ಲಿ, ಇಲ್ಲವೆ ನೆಂಟರು ಬಂದಾಗ. ಉಳಿದ ದಿನಗಳಲ್ಲಿ ಹಗೇವಿನಿಂದ ತೆಗೆದ ರಾಗಿಯ ಮುದ್ದೆ, ಸೊಪ್ಪಿನ ಉದಕ, ಹುರುಳಿಯ ಸಾರು. ಆ ಮುದ್ದೆಯನ್ನು ಉಂಡ ಮೈಯು ಸಂಜೆಯವರೆಗೆ ಕಳೆ ಕೀಳುತ್ತಿತ್ತು, ನೀರು ಸೇದುತ್ತಿತ್ತು, ಹೊರೆ ಹೊರುತ್ತಿತ್ತು. ವರ್ಷಕ್ಕೆ ಹತ್ತು ಹನ್ನೆರಡು ದಿನ ಒಬ್ಬಟ್ಟನ್ನೂ ಕಜ್ಜಾಯವನ್ನೂ ಹೊಟ್ಟೆ ಬಿರಿಯ ತಿಂದರೂ ಅದು ಆ ದುಡಿಮೆಯಲ್ಲಿ ಕರಗಿಹೋಗುತ್ತಿತ್ತು. ಈಗ ದೇವನಹಳ್ಳಿಯ ಹೊಲಗಳಲ್ಲಿ ೨೦೦೮ರಿಂದ ವಿಮಾನಗಳು ಇಳಿಯುತ್ತಿವೆ. ಕಳೆ ಕೀಳುತ್ತಿದ್ದವರ ಹೆಣ್ಣುಮಕ್ಕಳು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವೆಲ್ಲ ಕುಳಿತಿರುವರು. ಅನ್ನವು ಎರಡು ಹೊತ್ತೂ ಉಂಟು. ಬೆಳಗ್ಗೆ ಇಡ್ಲಿ, ದೋಸೆ, ಚಿತ್ರಾನ್ನ. ಹೊಸಕೋಟೆಯಲ್ಲಂತೂ ಭಾನುವಾರ ಸೂರ್ಯನು ಮೂಡುವ ಮುಂಚೆಯೇ ಬಿರಿಯಾನಿಗಾಗಿ ಜನರು ಸಾಲುಗಟ್ಟುವರು. ಹಿಂದಿನವರು ಹಬ್ಬಕ್ಕೆಂದು ಕೂಡಿಟ್ಟ ಊಟವನ್ನು ನಾವು ನಿತ್ಯವೂ ಉಣ್ಣುತ್ತಿರುವೆವು; ಅದರ ಮೇಲೆ ಹಬ್ಬವೂ ಬರುವುದು. ತಪ್ಪನ್ನೆಲ್ಲ ಪಾಪದ ಒಬ್ಬಟ್ಟಿನ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ನನಗೆ ತೋರುವುದು.

ಹಾಗಾದರೂ ಒಬ್ಬಟ್ಟಿನ ಲೆಕ್ಕವನ್ನು ತಿಳಿಯದೆ ಇರಬಾರದು. ಕಾಲು ಕಿಲೋ ತೊಗರಿಬೇಳೆ, ಕಾಲು ಕಿಲೋ ಬೆಲ್ಲ, ಇನ್ನೂರು ಗ್ರಾಮು ಮೈದಾಹಿಟ್ಟು ಇಷ್ಟರಲ್ಲಿ ನಮ್ಮ ಮನೆಯಲ್ಲಿ ಹದಿನಾರು ಒಬ್ಬಟ್ಟುಗಳಾಗುವುವು. ಬೇಳೆಯಿಂದ ಸುಮಾರು ೧೪೦ ಗ್ರಾಮು, ಬೆಲ್ಲದಿಂದ ೨೧೦, ಹಿಟ್ಟಿನಿಂದ ೧೫೦, ಒಟ್ಟು ೫೦೦ ಗ್ರಾಮು ಶರ್ಕರಪಿಷ್ಟ. ಬೇಳೆಯ ಕಟ್ಟಿನೊಡನೆ ಸ್ವಲ್ಪ ಸಾರಿಗೆ ಹೋದರೂ, ಒಂದೊಂದು ಒಬ್ಬಟ್ಟಿಗೆ ೩೦ ಗ್ರಾಮಿನ ಸುಮಾರು ಬೀಳುವುದು. ಇನ್ನು ಎಲೆಯನ್ನು ನೋಡೋಣ. ಎರಡು ಒಬ್ಬಟ್ಟಿಗೆ ೬೦, ಒಂದು ಸೌಟು ಚಿತ್ರಾನ್ನಕ್ಕೆ ೪೦, ಸಾರಿನೊಡನೆ ಕಲಸಿದ ಅನ್ನಕ್ಕೆ ೫೫, ಪಾಯಸಕ್ಕೆ ೩೦, ಕಡೆಯಲ್ಲಿ ಮೊಸರನ್ನಕ್ಕೆ ೨೫. ಹಪ್ಪಳ ಬಾಳಕಗಳನ್ನು ಬಿಟ್ಟೇ ೨೧೦ ಗ್ರಾಮಾಯಿತು. ಇಡೀ ದಿನಕ್ಕೆ ೧೩೦ ಎಂದು ಎಣಿಸಿದ್ದವಳು ಒಂದೇ ಎಲೆಯಲ್ಲಿ ಅದನ್ನು ದಾಟಿದಳು. ಆದರೆ ಒಂದು ಅಂಶವನ್ನು ಗಮನಿಸಬೇಕು. ಎಲ್ಲರೂ ಬೆದರುವ ಒಬ್ಬಟ್ಟಿನ ಪಾಲು ಇದರಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಕಡಮೆ. ಯಾರೂ ಎಣಿಸದೆ ಬಡಿಸಿಕೊಳ್ಳುವ ಮೂರು ಬಗೆಯ ಅನ್ನದ ಪಾಲು ಅರ್ಧಕ್ಕಿಂತಲೂ ಹೆಚ್ಚು! ಒಬ್ಬಟ್ಟನ್ನು ದೂರ ತಳ್ಳಿ, ‘ಇಂದು ಪಥ್ಯ ಮಾಡಿದೆ’ ಎಂಬ ಸಮಾಧಾನದಿಂದ ಎರಡಾವರ್ತಿ ಅನ್ನವನ್ನು ಹಾಕಿಸಿಕೊಳ್ಳುವವರು ಬಹುಮಂದಿ ಉಂಟು. ಇದಕ್ಕೆ ಬದಲಾಗಿ ಒಂದು ಒಬ್ಬಟ್ಟನ್ನು ತುಪ್ಪದೊಡನೆ ನಿಧಾನವಾಗಿ ಸವಿದು ಅನ್ನವನ್ನು ಎರಡು ತುತ್ತಿಗೆ ನಿಲ್ಲಿಸಿದವಳಿಗೆ ಹಬ್ಬವೂ ಆಗುವುದು, ಲೆಕ್ಕವೂ ಹಿಡಿತದಲ್ಲಿರುವುದು.

ರಾಗಿಯ ವಿಷಯದಲ್ಲಿಯೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ; ಇದರಿಂದ ನಮ್ಮ ಸೀಮೆಯವರು ನನ್ನ ಮೇಲೆ ಮುನಿದರೂ ಚಿಂತೆಯಿಲ್ಲ. ‘ಮುದ್ದೆ ತಿಂದರೆ ಸಕ್ಕರೆ ಏರದು’ ಎಂಬ ನಂಬಿಕೆಯು ಮನೆ ಮನೆಯಲ್ಲಿಯೂ ಉಂಟು. ನೂರು ಗ್ರಾಮು ಅಕ್ಕಿಯಲ್ಲಿ ಸುಮಾರು ೭೮ ಗ್ರಾಮು ಶರ್ಕರಪಿಷ್ಟವಿದ್ದರೆ, ರಾಗಿಯಲ್ಲಿ ೬೭ರಿಂದ ೭೨. ಅಂತರವು ಅಷ್ಟೇ. ನಾರಿನ ಅಂಶವು ರಾಗಿಯಲ್ಲಿ ೧೧ ಗ್ರಾಮಿನಷ್ಟಿದ್ದು ಬಿಳಿಯ ಅಕ್ಕಿಯಲ್ಲಿ ೩ಕ್ಕೂ ಕಡಮೆಯೆಂಬುದು ದಿಟ. ಸುಣ್ಣದ ಅಂಶವಾದ ಕ್ಯಾಲ್ಸಿಯಂ ವಿಷಯದಲ್ಲಿ ರಾಗಿಗೆ ಸಮಾನವಾದ ಧಾನ್ಯವೇ ಇಲ್ಲವೆಂಬುದೂ ದಿಟ. ಆದರೆ ನುಣ್ಣಗೆ ಬೀಸಿ, ಜರಡಿ ಹಿಡಿದು, ಕುದಿಯುವ ನೀರಿನಲ್ಲಿ ಬೇಯಿಸಿ ಕಟ್ಟಿದ ಮುದ್ದೆಯು ಹಲ್ಲಿಗೆ ಕೆಲಸವಿಲ್ಲದೆ ಗಂಟಲಿನಲ್ಲಿ ಇಳಿಯುವಂತೆಯೇ ಬೇಗನೆ ಜೀರ್ಣವೂ ಆಗುವುದು. ನೂರು ಗ್ರಾಮು ಹಿಟ್ಟಿನ ಮುದ್ದೆಯೊಂದರಲ್ಲಿ ಎರಡು ಒಬ್ಬಟ್ಟಿನ ಶರ್ಕರಪಿಷ್ಟವು ಅಡಗಿರುವುದು. ನವಣೆ ಸಾಮೆಗಳ ಮೇಲೆ ಈಗ ಹುಟ್ಟಿರುವ ಮೋಹಕ್ಕೂ ಇದೇ ಮಾತು ಸಲ್ಲುವುದು: ಒಳ್ಳೆಯ ಧಾನ್ಯಗಳೇ, ಆದರೆ ಅಳತೆಯಿಲ್ಲದೆ ತಿಂದರೆ ಅವೂ ಧಾನ್ಯಗಳೇ. ಮುದ್ದೆಯನ್ನು ಬಿಡಬೇಕಾದುದಿಲ್ಲ, ಅದನ್ನು ಚಿಕ್ಕದಾಗಿ ಕಟ್ಟಿ, ಸಾರಿನಲ್ಲಿ ಕಾಳನ್ನೂ ಸೊಪ್ಪನ್ನೂ ದಟ್ಟವಾಗಿ ಮಾಡಬೇಕು.

ಬೆಲ್ಲವು ಸಕ್ಕರೆಯಲ್ಲವೆಂದು ವಾದಿಸುವವರಿಗೂ ಎರಡು ಮಾತು. ನೂರು ಗ್ರಾಮು ಬೆಲ್ಲದಲ್ಲಿ ೮೫ ಗ್ರಾಮಿನಷ್ಟು ಶರ್ಕರವೇ ಇರುವುದು. ಬಣ್ಣವು ಕಂದಾದ ಮಾತ್ರಕ್ಕೆ ರಕ್ತವು ಮೋಸಹೋಗುವುದಿಲ್ಲ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಹಿರಿಯರ ಸಂಪ್ರದಾಯದಲ್ಲಿಯೇ ಪಥ್ಯಕ್ಕೆ ಎಷ್ಟು ಅನುಕೂಲಗಳಿವೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಎಲೆಗೆ ಮೊದಲು ಬಡಿಸುವುದು ಏನನ್ನು? ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನವು ಬರುವುದು ಆಮೇಲೆ. ತರಕಾರಿಯನ್ನೂ ಕಾಳುಬೇಳೆಗಳನ್ನೂ ಮೊದಲು ತಿಂದು ಪಿಷ್ಟವನ್ನು ಕಡೆಗೆ ತಿಂದರೆ, ಅದೇ ಊಟದಿಂದ ರಕ್ತದ ಸಕ್ಕರೆಯು ಅಷ್ಟು ವೇಗವಾಗಿ ಏರದೆಂದು ಈಚಿನ ಪರೀಕ್ಷೆಗಳಿಂದ ತಿಳಿದುಬಂದಿದೆ. ಬಡಿಸುವ ಕ್ರಮವು ಆಗಲೇ ಇದೆ. ಅನ್ನ ಬರುವವರೆಗೆ ಕೈ ಕಟ್ಟಿ ಕುಳಿತಿರುವ ನಮ್ಮ ಮರ್ಯಾದೆಯೊಂದೇ ಅಡ್ಡಿ. ಕೋಸಂಬರಿಯನ್ನು ಚಿಟಿಕೆಯಷ್ಟು ಬಡಿಸುವ ಜಿಪುಣತನವನ್ನು ಬಿಟ್ಟು, ಹೆಸರುಬೇಳೆ ಸೌತೇಕಾಯಿಗಳ ಕೋಸಂಬರಿಯನ್ನು ಬಟ್ಟಲಿನಲ್ಲಿ ಕೊಟ್ಟು, ‘ಅನ್ನ ಬರುವುದು ತಡ, ಇದನ್ನು ಮುಗಿಸಿರಿ’ ಎನ್ನಬಾರದೆ? ಶ್ರೀರಾಮನವಮಿಯಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಮೂರನ್ನೂ ಹಂಚುವರು. ಅಲ್ಲಿ ಪಥ್ಯದವಳು ಪಾನಕವನ್ನು ಕಣ್ಣಿಗೊತ್ತಿಕೊಂಡು ಮಕ್ಕಳಿಗೆ ಕೊಟ್ಟು ಉಳಿದೆರಡನ್ನು ನಿಶ್ಚಿಂತೆಯಿಂದ ಸ್ವೀಕರಿಸಬಹುದು.

ಸಂಕ್ರಾಂತಿಯ ಎಳ್ಳಿನಲ್ಲಿ ಎಳ್ಳು, ಕಡಲೇಕಾಯಿಬೀಜ, ಕೊಬ್ಬರಿ, ಹುರಿಗಡಲೆ, ಬೆಲ್ಲ ಐದೂ ಸೇರುವುವಷ್ಟೆ. ಕಡಲೇಕಾಯಿಬೀಜದಲ್ಲಿ ನೂರಕ್ಕೆ ೨೫ರಷ್ಟು ಸಸಾರಜನಕವೂ ೪೦ರಷ್ಟು ಕೊಬ್ಬೂ ಇರುವುದು; ಎಳ್ಳೂ ಕೊಬ್ಬರಿಯೂ ಅದೇ ಪಂಗಡದವು. ಬೆಲ್ಲದ ಚೂರುಗಳನ್ನು ಅರ್ಧಕ್ಕೆ ಇಳಿಸಿ ಎಳ್ಳನ್ನು ಹೆಚ್ಚಿಸಿದರೆ ಬೀರಲು ಬಂದ ಹೆಂಗಸರಿಗೆ ವ್ಯತ್ಯಾಸವೇ ತಿಳಿಯದು. ನಾನು ಮೂರು ವರ್ಷಗಳಿಂದ ಹಾಗೆ ಮಾಡುತ್ತಿದ್ದೇನೆ, ಒಬ್ಬರೂ ದೂರಿಲ್ಲ. ಸಕ್ಕರೆ ಅಚ್ಚುಗಳಿಗೆ ಮಾತ್ರ ಪರಿಹಾರವಿಲ್ಲ. ಅವನ್ನು ನೋಡಿ ಸಂತೋಷಪಡುವುದೇ ಸರಿ. ಅದೇ ಕಾಲದಲ್ಲಿ ನಮ್ಮ ಸೀಮೆಯ ಭಾಗ್ಯವಾದ ಅವರೆಕಾಯಿ ಬರುವುದು. ಸೊಗಡಿನ ಅವರೆಕಾಳಿನ ಸಾರು, ಹಿದುಕಿದ ಬೇಳೆಯ ಸಾರು ಇವೆರಡೂ ಇರುವಾಗ ಅನ್ನವು ನೆಪಮಾತ್ರಕ್ಕೆ ಇದ್ದರೂ ಹಬ್ಬದ ಕಳೆಯು ಕುಂದದು. ಅವರೆಯಲ್ಲಿಯೂ ಪಿಷ್ಟವುಂಟು, ಇಲ್ಲವೆನ್ನಲಾಗದು. ಆದರೆ ನಾರೂ ಸಸಾರಜನಕವೂ ಜೊತೆಗಿರುವುದರಿಂದ ಅದು ನಿಧಾನವಾಗಿ ಜೀರ್ಣವಾಗುವುದು.

ಯುಗಾದಿಯ ಮರುದಿನದ ಹೊಸತೊಡಕು ಮಾಂಸಾಹಾರಿಗಳ ಮನೆಗಳಲ್ಲಿ ಬಾಡೂಟದ ದಿನ. ಈ ಪಥ್ಯದವರಿಗೆ ಹಬ್ಬಕ್ಕಿಂತ ಹೊಸತೊಡಕೇ ಸುಲಭ. ಮಾಂಸದಲ್ಲಿ ಶರ್ಕರಪಿಷ್ಟವಿಲ್ಲ. ಎಚ್ಚರವಿರಬೇಕಾದುದು ಅದರೊಡನೆ ಎರಡನೆಯ ಮುದ್ದೆ ಇಳಿಯದಂತೆ, ಮತ್ತು ಸಾರಿನ ಮೇಲೆ ತೇಲುವ ಕೊಬ್ಬು ಮಿತಿಮೀರದಂತೆ. ‘ಪಿಷ್ಟವನ್ನು ಬಿಟ್ಟಿದ್ದೇನೆ, ಆದುದರಿಂದ ತುಪ್ಪ ಮಾಂಸಗಳನ್ನು ಎಷ್ಟು ತಿಂದರೂ ಸರಿ’ ಎಂಬುದು ಹೃದಯಕ್ಕೆ ಒಪ್ಪದ ವಾದ. ಬಿರಿಯಾನಿಯ ತಟ್ಟೆಯಲ್ಲಿಯೂ ತುಂಡುಗಳನ್ನು ಆಯ್ದು ತಿನ್ನುವವಳಿಗೆ ಪಥ್ಯವು ನಡೆಯುವುದು. ಅಕ್ಕಿಯೇ ರುಚಿಯೆನ್ನುವವಳಿಗೆ ನಡೆಯದು.

ಕ್ರಿಸ್ಮಸ್ ಹಬ್ಬದ ತೊಡಕು ಬೇರೊಂದು ಬಗೆಯದು. ಅಲ್ಲಿ ಅಪಾಯವಿರುವುದು ಊಟದಲ್ಲಿ ಅಲ್ಲ, ತಟ್ಟೆಗಳಲ್ಲಿ. ಕಲ್‌ಕಲ್, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಗುಲಾಬಿ ಹೂವಿನಾಕಾರದ ತಿಂಡಿ, ಒಣದ್ರಾಕ್ಷಿಯ ಕೇಕು ಇವುಗಳು ವಾರಕ್ಕೆ ಮುಂಚೆಯೇ ಡಬ್ಬಿಗಳನ್ನು ಸೇರುವುವು. ಹೋದ ಮನೆಯಲ್ಲೆಲ್ಲ ಒಂದೊಂದು ತಟ್ಟೆ, ಬಂದವರೊಡನೆ ಮತ್ತೊಂದೊಂದು. ಒಂದು ಕಲ್‌ಕಲ್ಲಿನಿಂದ ಯಾರಿಗೂ ಕೇಡಿಲ್ಲ. ಮಾತನಾಡುತ್ತಾ ಮಾತನಾಡುತ್ತಾ ಕೈಯು ತಾನಾಗಿ ಡಬ್ಬಿಗೆ ಹೋಗುವುದಷ್ಟೆ, ಕೇಡಿರುವುದು ಅಲ್ಲಿ. ಹಬ್ಬದ ದಿನ ಮಧ್ಯಾಹ್ನದ ಊಟದ ಕಡೆಯಲ್ಲಿ ಒಂದು ಚೂರು ಕೇಕೆಂದು ಗೊತ್ತುಮಾಡಿಕೊಂಡು, ಇತರ ವೇಳೆಯಲ್ಲಿ ಹುರಿದ ಕಡಲೇಕಾಯಿಬೀಜದ ಬಟ್ಟಲನ್ನು ಎದುರಿಗೆ ಇಟ್ಟುಕೊಂಡವರು ಈ ಗಂಡಾಂತರವನ್ನು ದಾಟಿದುದನ್ನು ನಾನು ಬಲ್ಲೆನು.

ಹಣ್ಣಿನ ವಿಷಯದಲ್ಲಿ ದೇವನಹಳ್ಳಿಯ ಚಕ್ಕೋತವನ್ನು ಹೊಗಳದೆ ಇರಲಾರೆನು. ಅದರ ತೊಳೆಗಳಲ್ಲಿ ನೂರು ಗ್ರಾಮಿಗೆ ೧೦ ಗ್ರಾಮಿಗಿಂತ ಹೆಚ್ಚಿನ ಶರ್ಕರಪಿಷ್ಟವಿಲ್ಲ. ನಮ್ಮ ಕಡೆಯ ನೀಲಿ ದ್ರಾಕ್ಷಿಯಲ್ಲಿ ಅದಕ್ಕಿಂತ ಹೆಚ್ಚು. ಆದರೆ ಚಕ್ಕೋತದಲ್ಲಿಯೂ ಒಂದು ಗುಟ್ಟುಂಟು. ರಕ್ತದ ಕೊಬ್ಬನ್ನು ಇಳಿಸುವ ಸಿಂವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಮುಂತಾದ ಮಾತ್ರೆಗಳೂ, ರಕ್ತದೊತ್ತಡದ ಕೆಲವು ಮಾತ್ರೆಗಳೂ ಈ ಜಾತಿಯ ಹಣ್ಣಿನೊಡನೆ ಸೇರಿದಾಗ ದೇಹದಲ್ಲಿ ಬೇಗನೆ ಕರಗದೆ ಹೆಚ್ಚಾಗಿ ನಿಲ್ಲಬಹುದು. ಅವನ್ನು ಸೇವಿಸುವವರು ಚಕ್ಕೋತವನ್ನು ತಿನ್ನುವ ಮೊದಲು ವೈದ್ಯರನ್ನು ಒಂದು ಮಾತು ಕೇಳಬೇಕು.

ಇವೆಲ್ಲವೂ ತಿನ್ನುವವಳ ಕಡೆಯ ಮಾತಾಯಿತು. ಬಡಿಸುವವಳ ಕಡೆಯದು ಇದಕ್ಕಿಂತ ಕಷ್ಟ. ನಮ್ಮಲ್ಲಿ ಉಪಚಾರವೆಂದರೆ ಬಲವಂತ. ಬೇಡವೆಂದವರ ಎಲೆಗೆ ಹಾಕದಿದ್ದರೆ ಬಡಿಸಿದವಳಿಗೆ ಪ್ರೀತಿಯಿಲ್ಲವೆಂದು ಅರ್ಥ; ಹಾಕಿದುದನ್ನು ಬಿಟ್ಟರೆ ಉಂಡವಳಿಗೆ ಗರ್ವವೆಂದು ಅರ್ಥ. ಈ ಎರಡರ ನಡುವೆ ರೋಗಿಯು ಸಿಕ್ಕಿಕೊಳ್ಳುವಳು. ನಮ್ಮ ದೊಡ್ಡಮ್ಮನ ಸೊಸೆಯ ಮುಖ ಬಾಡಿದುದನ್ನು ನಾನು ಮರೆಯಲಾರೆನು. ಆಕೆಯ ತಪ್ಪೇನು? ಅತ್ತೆಯ ಪಥ್ಯದ ವಿಚಾರವನ್ನು ಯಾರೂ ಆಕೆಗೆ ಮುಂಚಿತವಾಗಿ ಹೇಳಿರಲಿಲ್ಲ. ಎಲೆಯ ಮುಂದೆ ಕುಳಿತ ಮೇಲೆ ಬೇಡವೆಂದರೆ ಅದು ಅಡುಗೆಯನ್ನು ತಿರಸ್ಕರಿಸಿದಂತೆಯೇ ಕಾಣುವುದು. ಎರಡು ದಿನ ಮುಂಚೆ, ‘ನನಗೆ ಇಂಥದು ಆಗದು, ಆದರೆ ನಿನ್ನ ಕೈಯ ಪಲ್ಯವನ್ನು ಒಂದಕ್ಕೆ ಎರಡಾಗಿ ತಿನ್ನುವೆನು’ ಎಂದರೆ ಅದೇ ಮಾತು ಸಲಿಗೆಯಾಗುವುದು. ನಿರಾಕರಿಸುವಾಗ ಒಂದನ್ನು ಕೇಳಿ ಹಾಕಿಸಿಕೊಳ್ಳುವುದು ದೊಡ್ಡ ಉಪಾಯ. ಬೀಗರ ಮನೆಯಲ್ಲಿಯೂ ನಡೆಯುವುದು, ನಾನು ಪರೀಕ್ಷಿಸಿ ನೋಡಿದ್ದೇನೆ. ಬಡಿಸುವವರೂ ಒಂದು ಉಪಕಾರ ಮಾಡಬಹುದು: ಒಬ್ಬಟ್ಟನ್ನು ಅಂಗೈಯಗಲ ತಟ್ಟುವುದು. ಚಿಕ್ಕದೊಂದನ್ನು ಪೂರ್ಣವಾಗಿ ತಿಂದವಳಿಗೆ ಇರುವ ತೃಪ್ತಿಯು ದೊಡ್ಡದರಲ್ಲಿ ಅರ್ಧವನ್ನು ಬಿಟ್ಟವಳಿಗೆ ಇರುವುದಿಲ್ಲ.

ಹಬ್ಬಕ್ಕಿಂತ ಹಬ್ಬದ ಮರುದಿನಗಳು ಹೆಚ್ಚು ಕೆಡಿಸುವುವೆಂಬುದು ನನ್ನ ಅನುಭವ. ಒಬ್ಬಟ್ಟಿಗೆ ತಂಗಳಾದಷ್ಟೂ ರುಚಿ. ಒಬ್ಬಟ್ಟಿನ ಸಾರಿಗಂತೂ ಎರಡನೆಯ ದಿನವೇ ಯೌವನ. ಸಾರು ಇರುವವರೆಗೆ ಅನ್ನ, ಅನ್ನದೊಡನೆ ಮತ್ತೆ ಒಂದು ಒಬ್ಬಟ್ಟು. ಹೀಗೆ ಒಂದು ದಿನದ ಹಬ್ಬವು ನಾಲ್ಕು ದಿನಕ್ಕೆ ಬೆಳೆಯುವುದು. ಅಷ್ಟರೊಳಗೆ ‘ಪಥ್ಯ ಹೇಗೂ ಕೆಟ್ಟಿತು, ಮುಂದಿನ ತಿಂಗಳಿಂದ ನೋಡೋಣ’ ಎಂಬ ಮಾತು ನಾಲಗೆಗೆ ಬರುವುದು. ಅಲ್ಪಪಿಷ್ಟದ ಪಥ್ಯದ ಮೇಲೆ ನಡೆದ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ೨೦೨೧ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ, ಆರು ತಿಂಗಳಲ್ಲಿ ಸ್ಪಷ್ಟವಾಗಿ ಕಂಡ ಗುಣವು ಹನ್ನೆರಡು ತಿಂಗಳ ವೇಳೆಗೆ ಬಹುಮಟ್ಟಿಗೆ ತಗ್ಗಿದುದು ಕಂಡುಬಂದಿತು. ವರ್ಷವಿಡೀ ಒಂದೇ ಬಿಗಿಯಲ್ಲಿರುವುದು ಕಷ್ಟವೆಂಬುದಕ್ಕೆ ವಿದ್ವಾಂಸರ ಸಾಕ್ಷ್ಯವು ನಮಗೇನೂ ಬೇಕಿಲ್ಲ. ಆದುದರಿಂದ ಉಳಿದ ಒಬ್ಬಟ್ಟನ್ನು ಅಂದಿನ ಸಂಜೆಯೇ ನೆರೆಮನೆಗೆ, ಆಳುಕಾಳುಗಳಿಗೆ, ಮಕ್ಕಳ ಗೆಳೆಯರಿಗೆ ಹಂಚಿಬಿಡುವುದು ಮೇಲು. ಊಟವಾದ ಮೇಲೆ ಚಾಪೆಯ ಮೇಲೆ ಒರಗುವ ಬದಲು ಈ ಹಂಚುವ ಕೆಲಸಕ್ಕೆ ತಾನೇ ಊರಲ್ಲಿ ನಡೆದುಹೋದವಳಿಗೆ ಇನ್ನೊಂದು ಲಾಭವುಂಟು: ಉಂಡ ಬಳಿಕ ಕಾಲು ಗಂಟೆ ನಡೆದರೂ ರಕ್ತದ ಸಕ್ಕರೆಯ ಏರಿಕೆ ತಗ್ಗುವುದು.

ಕಡೆಯದಾಗಿ ಔಷಧದ ಮಾತು. ಇದನ್ನು ಅವಸರದಲ್ಲಿ ಓದಿ ಬಿಡಬೇಡಿರೆಂದು ಬೇಡುವೆನು. ಇನ್ಸುಲಿನ್ ಚುಚ್ಚಿಕೊಳ್ಳುವವರೂ, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮೊದಲಾದ ಮಾತ್ರೆಗಳನ್ನು ನುಂಗುವವರೂ ವೈದ್ಯರಿಗೆ ತಿಳಿಸದೆ ಅನ್ನ ಮುದ್ದೆಗಳನ್ನು ಥಟ್ಟನೆ ಬಿಡಬಾರದು. ಆ ಔಷಧಗಳ ಅಳತೆಯನ್ನು ವೈದ್ಯರು ಗೊತ್ತುಮಾಡಿರುವುದು ನೀವು ಎಂದಿನಂತೆ ಉಣ್ಣುವಿರೆಂಬ ಭರವಸೆಯ ಮೇಲೆ. ಊಟವು ಇಳಿದು ಔಷಧವು ಇಳಿಯದಿದ್ದರೆ ನಮ್ಮ ದೊಡ್ಡಮ್ಮನಿಗೆ ಆದುದೇ ಆಗುವುದು. ಪೂಜೆ, ವ್ರತ, ದೂರದ ಪ್ರಯಾಣ, ಆರಾಧನೆ ಮುಂತಾದುವುಗಳಿಂದ ಊಟವು ತಡವಾಗುವ ದಿನಗಳಲ್ಲಂತೂ ಮಾತ್ರೆಯ ವೇಳೆಯನ್ನು ಮುಂಚೆಯೇ ಕೇಳಿಕೊಂಡಿರಬೇಕು. ಹೆಸರಿನ ಕಡೆಯಲ್ಲಿ ‘ಗ್ಲಿಫ್ಲೋಜಿನ್’ ಎಂದು ಬರುವ ಹೊಸ ಬಗೆಯ ಮಾತ್ರೆಗಳನ್ನು ಸೇವಿಸುವವರು ಪಿಷ್ಟವನ್ನು ಅತಿಯಾಗಿ ತಗ್ಗಿಸಿದರೆ ರಕ್ತದಲ್ಲಿ ಆಮ್ಲವು ಹೆಚ್ಚುವ ಬೇರೊಂದು ಅಪಾಯವುಂಟು. ಸಕ್ಕರೆಯ ಅಂಕಿಯು ಹೆಚ್ಚೇನೂ ಏರದಿದ್ದಾಗಲೂ ಅದು ಬರಬಹುದು. ಗರ್ಭಿಣಿಯರೂ, ಮೂತ್ರಪಿಂಡದ ರೋಗವುಳ್ಳವರೂ, ಬೆಳೆಯುವ ಮಕ್ಕಳೂ ಈ ಪಥ್ಯವನ್ನು ತಾವಾಗಿ ಹಿಡಿಯಬಾರದು. ಬೆವರು, ನಡುಕ, ಎದೆಬಡಿತ, ತೊದಲುಮಾತು ಇವು ಕಂಡರೆ ಮೊದಲು ಸಕ್ಕರೆ ನೀರು, ಆಮೇಲೆ ವಿಚಾರಣೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಆ ಯುಗಾದಿಯ ಬಳಿಕ ದೊಡ್ಡಮ್ಮನನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅವರು ಮಾತ್ರೆಯನ್ನು ಬದಲಿಸಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮುದ್ದೆಯನ್ನು ಎರಡು ಹೊತ್ತೂ ಉಣ್ಣಲು ಹೇಳಿದರು. ಕಳೆದ ಯುಗಾದಿಗೆ ನಾನು ಮತ್ತೆ ಆ ಮನೆಗೆ ಹೋಗಿದ್ದೆನು. ಪೂಜೆಯು ಹನ್ನೊಂದಕ್ಕೇ ಮುಗಿದಿದ್ದಿತು. ದೊಡ್ಡಮ್ಮನಿಗಾಗಿ ಎಲ್ಲರೂ ಬೇಗ ಎದ್ದಿದ್ದರು. ಎಲೆಯ ಪಕ್ಕದಲ್ಲಿ ಕೋಸಂಬರಿಯ ಬಟ್ಟಲು, ಹುರುಳಿಕಾಯಿಯ ಪಲ್ಯ, ಅಂಗೈಯಗಲದ ಒಂದು ಒಬ್ಬಟ್ಟು, ಅದರ ಮೇಲೆ ಒಂದು ಚಮಚ ತುಪ್ಪ. ಅದನ್ನು ಮುಗಿಸಿ ಆಕೆ ಅನ್ನದ ಪಾತ್ರೆಯನ್ನು ಮುಂದಿನ ಎಲೆಗೆ ಕಳುಹಿಸಿದಳು. ಸೊಸೆಯು ನಗುತ್ತಾ, “ಇನ್ನೊಂದು ಹಾಕಲೇ ಅತ್ತೆ?” ಎಂದಳು. “ಅದನ್ನು ಕಟ್ಟಿಡು, ಸಂಜೆ ಕೆರೆಯ ಕಡೆಯ ಮನೆಗೆ ನಾನೇ ಕೊಟ್ಟು ಬರುತ್ತೇನೆ” ಎಂದು ದೊಡ್ಡಮ್ಮನು ಎಲೆಯನ್ನು ಮಡಚಿ ಎದ್ದಳು.